ಕಚ್ಚಿಟ್ಟ ರೊಟ್ಟಿ

ಕೋಕಂದ್, ಏಪ್ರಿಲ್ ೧೨

ಲೋಬಾರಳ ಅಪ್ಪನವರಿಗೆ ಮುಕದ್ದಸಳ ಸಲಾಮು.

ಶಿಶುವಿಹಾರದವರು ಕೊಟ್ಟ ಮಾತು ಮೂರು. ಶಿಶುವಿಹಾರದ ಪ್ರತಿ ಮಗುವಿಗೂ ಶಾಲೆಯ ಪೂರ್ವತರಗತಿಯಲ್ಲಿ ಜಾಗ ಎಂದರು, ನಮ್ಮ ಮಗಳಿಗಿಲ್ಲ. ಪರೀಕ್ಷೆಯ ಕಾಗದ ತಾಯಂದಿರ ಕೈಗೆ ಎಂದರು, ಕೊಡಲಿಲ್ಲ. ಯಾವ ಮಗುವನ್ನೂ ದಡ್ಡ ಎನ್ನುವುದಿಲ್ಲ ಎಂದರು. ಬಾಗಿಲಿಗೆ ಪಟ್ಟಿ ಅಂಟಿಸಿದ್ದಾರೆ, 'ನಾಳೆಯ ಅರಿವಿಲ್ಲದವರು' ಎಂದು. ಹನ್ನೊಂದು ಹೆಸರು. ಮೊದಲನೆಯದು ಲೋಬಾರ್.

ರಾಜಧಾನಿಯಿಂದ ಬಂದವರು ಐದು ವರ್ಷದ ಮಕ್ಕಳ ತಲೆಗೆ ತಂತಿಗಳ ಟೋಪಿ ತೊಡಿಸಿದರು. ಮುಂದಿನದನ್ನು ಯೋಚಿಸುವಾಗ ಮಿದುಳು ಹೇಗೆ ಮಿಡಿಯುತ್ತದೆಂದು ನೋಡಬೇಕಂತೆ. ಕೋಣೆಯಲ್ಲಿ ಬೀಗ ಹಾಕಿದ ಆಟಿಕೆಪೆಟ್ಟಿಗೆ. ತಟ್ಟೆಯಲ್ಲಿ ಬೀಗದ ಕೈ, ಚೆಂಡು, ರೊಟ್ಟಿ. "ನಾಳೆ ಮತ್ತೆ ಇಲ್ಲಿಗೇ ಬರ್ತೀಯ ಪುಟ್ಟಿ, ನಾಳೆಗೆ ಬೇಕಾದ್ದು ಒಂದನ್ನ ಆರಿಸಿ ಇಟ್ಟು ಹೋಗು" ಎಂದರು. ಲೋಬಾರ್ ರೊಟ್ಟಿ ಎತ್ತಿ ಒಂದು ತುತ್ತು ಕಚ್ಚಿ, ಉಳಿದದ್ದನ್ನು ಪೆಟ್ಟಿಗೆಯ ಮೇಲೆ ಜೋಪಾನವಾಗಿಟ್ಟು ಬಂದಳು. ಆಗ ಪರದೆಯ ಗೆರೆಗಳು ನೆಗೆದದ್ದನ್ನು ಬಾಗಿಲಲ್ಲಿ ನಿಂತ ನಾನೇ ಕಂಡೆ. ಅವರು ಬರೆದುಕೊಂಡದ್ದು: ಬೀಗದ ಕೈ ಬಿಟ್ಟು ಹಸಿವಿಗೆ ರೊಟ್ಟಿ ತಿಂದಳು, ನಾಳೆಯ ಯೋಚನೆ ಇಲ್ಲ.

ರೊಟ್ಟಿ ಯಾಕೆ ಕಚ್ಚಿದೆ ಎಂದು ಮನೆಗೆ ಬಂದು ಗದರಿದೆ. "ಅಮ್ಮಾ, ಕಚ್ಚಿಟ್ರೆ ತಾನೆ ವಾಪಸ್ ಬರೋದು? ಅಪ್ಪನೂ ಹಂಗೇ ಕಚ್ಚಿಟ್ಟು ಹೋಗಿಲ್ವಾ?" ಎಂದು, ಹೋದವರು ಮರಳಿ ಬಂದು ಮುಗಿಸಲೆಂದು ಗೋಡೆಗೆ ತೂಗುವ ರೊಟ್ಟಿ ತೋರಿಸಿದಳು.

ಮರುದಿನ ಪರೀಕ್ಷಕಿಯನ್ನು ಅಡ್ಡಗಟ್ಟಿ ಇದನ್ನೇ ಹೇಳಿದೆ. "ಅಕ್ಕಾ, ನಂಗೊತ್ತಿಲ್ವಾ? ನಮ್ಮಜ್ಜಿ ಮನೇಲೂ ತೂಗಾಕಿದಾರೆ. ಆದ್ರೆ ಫಾರಮ್ಮಲ್ಲಿ ಅದಕ್ಕೆ ಜಾಗ ಇಲ್ಲ" ಎಂದಳು. "ಹಂಗಾದ್ರೆ ಟೋಪೀನ ಆ ಫಾರಮ್ಮಿಗೇ ಹಾಕಮ್ಮ, ಮಿದುಳು ಇದ್ಯಾ ನೋಡೋಣ" ಎಂದೆ. ಸುತ್ತಲಿದ್ದ ತಾಯಂದಿರು ನಕ್ಕರು. ಆ ನಗುವಿನಲ್ಲೇ ನಾವು ಹನ್ನೊಂದು ಜನ ಒಂದಾದೆವು.

ದುಡಿಯಲು ಹೋದವರ ರೊಟ್ಟಿ ತೂಗದ ಮನೆ ಈ ಬೀದಿಯಲ್ಲಿಲ್ಲ. ನಾಳೆಯನ್ನು ಗೋಡೆಗೆ ನೇತುಹಾಕಿ ಕಾಯುವವರ ಮಕ್ಕಳಿಗೆ ನಾಳೆ ಗೊತ್ತಿಲ್ಲವಂತೆ! ನಮ್ಮ ರೊಟ್ಟಿಯನ್ನು ಈ ಪಟ್ಟಿಯ ಬಗ್ಗೆ ನಡೆಯುವ ಸಭೆಗೆ ಒಯ್ದು ಅವರ ಮೇಜಿನ ಮೇಲಿಡುತ್ತೇನೆ. ಪಟ್ಟಿ ಹರಿಯುವವರೆಗೆ ಎತ್ತುವುದಿಲ್ಲ.

ಇಂತಿ,
ಮುಕದ್ದಸ್

ತಾ.ಕ.: ಸಭೆಯಲ್ಲಿ ಹೇಳುವ ಮೊದಲು ನಿಮಗೆ ಹೇಳಬೇಕು. ನೀವು ಕಚ್ಚಿದ ರೊಟ್ಟಿಗೆ ಕಳೆದ ಚಳಿಗಾಲದಲ್ಲಿ ಹುಳು ಹಿಡಿಯಿತು. ನಿಮ್ಮ ಫೋನು ಬರುವುದು ನಿಂತ ತಿಂಗಳು ಅದು. ಅದನ್ನು ಹಕ್ಕಿಗಳಿಗೆ ಹಾಕಿ, ಹೊಸದನ್ನು ನಾನೇ ಕಚ್ಚಿ ತೂಗುಹಾಕಿದೆ. ಅಪ್ಪನ ಹಲ್ಲಿನ ಗುರುತೆಂದು ಲೋಬಾರ್ ದಿನವೂ ಮುಟ್ಟುತ್ತಾಳೆ. ಯಾರು ಕಚ್ಚಿದ್ದಾದರೂ, ಹೋದವರು ಬಂದು ಉಳಿದದ್ದನ್ನು ತಿಂದು ಮುಗಿಸಬೇಕು ತಾನೆ? ಸಭೆ ಏಪ್ರಿಲ್ ೨೩, ಗುರುವಾರ, ಬೆಳಿಗ್ಗೆ ಹತ್ತು ಗಂಟೆಗೆ, ಶಿಶುವಿಹಾರದ ಅಂಗಳದಲ್ಲಿ.