ಸೇತುವೆ ದಾಟದ ಹಸಿರು ಕಡುಬು

ಮಾರುಕಟ್ಟೆ ಏಕೀಕರಣ ಕಚೇರಿಯ ಮಾನ್ಯ ಮುಖ್ಯಸ್ಥರೇ,

ತಮ್ಮ ಕೃಪೆಯಿಂದ ಎರಡು ಪ್ರಾಂತ್ಯಗಳ ಮಾರುಕಟ್ಟೆ ಒಂದಾದಾಗಿನಿಂದ ಲಿಂಗ್‌ದಿ ಚಿಕ್ಕಮ್ಮನ ಹಸಿರು ಕಡುಬು ನಮ್ಮೂರ ಸೇತುವೆ ದಾಟುತ್ತಿಲ್ಲ. ಬೇರೆಬೇರೆ ಇದ್ದಾಗ ಸಲೀಸಾಗಿ ದಾಟುತ್ತಿತ್ತು.

ಚಿಕ್ಕಮ್ಮನ ಮನೆ ಆಚೆ ದಡದ ಝೆಜಿಯಾಂಗ್ ಪ್ರಾಂತ್ಯದಲ್ಲಿ. ಗಿರಾಕಿಗಳೆಲ್ಲ ಈಚೆ ದಡದ ಜಿಯಾಂಗ್ಸುವಿನಲ್ಲಿ. ಛಿಂಗ್‌ಮಿಂಗ್ ಹಬ್ಬದಂದು ಹಿರಿಯರ ಸಮಾಧಿ ಗುಡಿಸಿ ನಾವು ಎಡೆಯಿಡುವುದು, ಮಾಚಿಪತ್ರೆಯ ರಸದಲ್ಲಿ ಅಂಟಕ್ಕಿ ಹಿಟ್ಟು ನಾದಿ ಆಕೆ ಬೇಯಿಸಿದ ಕಡುಬನ್ನೇ. ಈಗ ಏಕತೆಯ ಉತ್ಸಾಹದಲ್ಲಿ ಎರಡೂ ದಡದ ಅಧಿಕಾರಿಗಳು ತಲಾ ಒಂದು ‘ಏಕೀಕೃತ ನಿಯಮ’ ಹೊರಡಿಸಿದ್ದಾರೆ. ಆಚೆಯವರಿಗೆ ಕಡುಬು ಸಿಹಿತಿಂಡಿ: ಬಿಸಿ ಆರಿಸಿ, ಪ್ಲಾಸ್ಟಿಕ್ಕಿನಲ್ಲಿ ಮುಚ್ಚದೆ ಬೀದಿಗೆ ತರುವಂತಿಲ್ಲ. ಈಚೆಯವರಿಗೆ ಅದು ಹಬೆತಿಂಡಿ: ಬಿಸಿಬಿಸಿಯಾಗಿ, ತೆರೆದ ಬುಟ್ಟಿಯಿಂದಲೇ ಕೊಡಬೇಕು. ಆರಿಯೂ ಬಿಸಿಯಾಗಿರುವ, ಮುಚ್ಚಿಯೂ ತೆರೆದಿರುವ ಸಿದ್ಧಿ ಬೋಧಿಸತ್ವರಿಗೆ ಇದ್ದೀತು. ಅಂಟಕ್ಕಿಗೆ ಎಲ್ಲಿಂದ ಬರಬೇಕು?

ಹಸಿ ಹಿಟ್ಟಿಗೆ ಮಾತ್ರ ಇನ್ನೂ ಯಾರೂ ನಿಯಮ ಬರೆದಿರಲಿಲ್ಲ. ಚಿಕ್ಕಮ್ಮ ಹಿಟ್ಟಿನ ಜೊತೆ ಒಲೆಯನ್ನೇ ಹೊತ್ತು ತಂದು ಸೇತುವೆಯ ನಟ್ಟನಡುವೆ, ಗಡಿಗೆರೆಯ ಮೇಲೆ ಹೂಡಿ, ಅಲ್ಲೇ ಬೇಯಿಸತೊಡಗಿದಳು. ಎರಡೂ ಕಡೆಯ ತಪಾಸಣೆಯವರು ಓಡಿಬಂದರು. ನಮ್ಮ ದಡದವನು ಮೆಲ್ಲಗೆ ಅಂದ: “ಚಿಕ್ಕಮ್ಮಾ, ಒಂಚೂರು ಆ ಕಡೆ ಸರ್ಕೊಳ್ಳಿ. ನಂಗೂ ಹೆಂಡ್ತಿ ಮಕ್ಕಳಿದಾರೆ.”

“ಆ ಕಡೆಯೋನು ಈ ಕಡೆ ಸರಿ ಅಂತಾನಲ್ಲಪ್ಪ. ಹೊಳೆಗೆ ಬೀಳ್ಲಾ?”

ಕೊನೆಗೆ ಇಬ್ಬರೂ ತಂತಮ್ಮ ಮನೆಯ ಹಿರಿಯರಿಗೆಂದು ಕಡುಬು ಕಟ್ಟಿಸಿಕೊಂಡು ಹೋದರು.

ಮಾರನೆಯ ದಿನವೇ ತಮ್ಮ ಕಚೇರಿಯವರು ಬಂದರು. ಸಹಾಯಕ್ಕಲ್ಲ, ಫೋಟೋಕ್ಕೆ. ‘ಎರಡು ದಡ, ಒಂದೇ ಒಲೆ’ ಎಂಬ ಬರಹದೊಡನೆ ಚಿಕ್ಕಮ್ಮ ಈಗ ತಮ್ಮ ಸಾಧನೆಯ ಫಲಕದಲ್ಲಿ ನಗುತ್ತಿದ್ದಾಳೆ. ಸೇತುವೆಯ ಮೇಲೆ ನಗುತ್ತಿಲ್ಲ. ಅಲ್ಲಿನ ಗಾಳಿಗೆ ಒಲೆ ನಿಲ್ಲದು, ಕಡುಬು ಅರೆಬೆಂದು ಕಲ್ಲಾಗುತ್ತದೆ. ಹೀಗೇ ಆದರೆ ಹಬ್ಬಕ್ಕೆ ಮೊದಲೇ ಒಲೆ ಆರಿಸಿ ಮಗಳ ಮನೆ ಸೇರುತ್ತೇನೆ ಅಂದಿದ್ದಾಳೆ.

ಕಾರ್ಖಾನೆಯ ಕಡುಬು ತರಲೇ ಎಂದು ನಮ್ಮ ತಾಯಿಯನ್ನು ಕೇಳಿದೆ. “ನಿಮ್ಮಪ್ಪ ಬದುಕಿದ್ದಾಗ ಮುಟ್ಟದೇ ಇದ್ದಿದ್ದನ್ನ ಸತ್ತ ಮೇಲೆ ತಿನ್ನಿಸ್ತೀಯಾ? ಈಗ ಎದ್ದು ಹೋಗೋಕೂ ಆಗಲ್ಲ ಅವರಿಗೆ,” ಅಂದರು.

ತಮ್ಮ ಮಾರುಕಟ್ಟೆ ದೇಶದಷ್ಟು ಅಗಲವಾಗಲಿ, ಬೇಡವೆನ್ನಲು ನಾನ್ಯಾರು? ಮೊದಲು ಈ ಹೊಳೆಯಷ್ಟಾದರೂ ಆಗಲಿ. ಒಂದು ದಡ ಒಪ್ಪಿದ ತಿಂಡಿಯನ್ನು ಇನ್ನೊಂದು ದಡ ಮರುಮಾತಿಲ್ಲದೆ ಒಪ್ಪುವಂತೆ ಛಿಂಗ್‌ಮಿಂಗ್‌ಗೆ ಮೊದಲೇ ಆದೇಶಿಸಿ, ಚಿಕ್ಕಮ್ಮನನ್ನು ಸೇತುವೆಯಿಂದ ಕೆಳಗಿಳಿಸಬೇಕು. ಆಗದಿದ್ದರೆ ಹಬ್ಬದ ದಿನ ತಾವೇ ನನ್ನೊಡನೆ ಸಮಾಧಿಗೆ ಬನ್ನಿ. ಏಕೀಕರಣವೆಂದರೇನೆಂದು ನಮ್ಮ ತಂದೆಗೆ ತಾವೇ ಹೇಳಿ.

ಇಂತಿ,
ಖಾಲಿ ಎಡೆತಟ್ಟೆ ಹಿಡಿದು ನಿಂತ,
ಈಚೆ ದಡದ ಮಗ