ತೊಟ್ಟಿಲಲ್ಲಿ ಮಲಗಿದ ಗುಂಡಕಲ್ಲು

ಮಾನ್ಯ ಆರೋಗ್ಯಾಧಿಕಾರಿಗಳೇ,

ನಿಮ್ಮ ಇಲಾಖೆಯ ಕಾರ್ಡಿನ ಪ್ರಕಾರ ನನ್ನ ಹೆಂಡತಿ ಶೈಲಾ ಆರೋಗ್ಯವಾಗಿದ್ದಾಳೆ. ರಕ್ತ ಸರಿ, ಬಿ.ಪಿ. ಸರಿ, ಹೊಲಿಗೆ ಒಣಗಿದೆ. ಹೆತ್ತು ಐದು ತಿಂಗಳಾದರೂ ಮಗಳಿಗೆ ಹೆಸರಿಡಲು ಬಿಟ್ಟಿಲ್ಲ ಎಂಬುದನ್ನು ಬರೆಯಲು ಮಾತ್ರ ಅದರಲ್ಲಿ ಜಾಗವಿಲ್ಲ. ಕಾರ್ಡು ಚಿಕ್ಕದು, ನಿಮ್ಮ ತಪ್ಪೇನಿಲ್ಲ ಬಿಡಿ.

ನಾನು ಕಮತಗಿಯ ಶಾಲಾ ಶಿಕ್ಷಕ. ಎಂಟು ವರ್ಷ ನಾವಿಬ್ಬರೂ ಮಗುವಿಗಾಗಿ ಬಾಗಲಕೋಟೆ, ಹುಬ್ಬಳ್ಳಿ ಎಂದು ಅಲೆದವರು. ನೂರಾರು ಸೂಜಿ, ಮೂರು ಸಲ ಐವಿಎಫ್. ಎರಡು ಬಸಿರು ಮೂರನೇ ತಿಂಗಳಿಗೇ ಹೋದವು. ಮೊದಲನೆಯದಕ್ಕೆ ಹುಚ್ಚರ ಹಾಗೆ ಹೆಸರನ್ನೂ ಹುಡುಕಿಟ್ಟಿದ್ದೆವು. ಮೂರನೆಯದು ನಿಂತಿತು, ಹುಟ್ಟಿತು. ಊರೆಲ್ಲ ಪೇಢೆ ತಿಂದು ಕೈ ತೊಳೆದುಕೊಂಡಿತು. ನೀವೂ ಅದೇ ಪಂಕ್ತಿಯಲ್ಲಿ ಕೂತಿದ್ದಿರೆಂದು ಕಾಣುತ್ತದೆ.

ನಮ್ಮ ಕಡೆ ತೊಟ್ಟಿಲಿಗೆ ಹಾಕುವ ದಿನ ಮೊದಲು ಅರೆಯುವ ಗುಂಡಕಲ್ಲಿಗೆ ಕೂಸಿನ ಕುಲಾವಿ ತೊಡಿಸಿ, ತೊಟ್ಟಿಲ ಕೆಳಗಿಂದ ಒಬ್ಬರು ಕೊಟ್ಟು ಇನ್ನೊಬ್ಬರು ಇಸಿದುಕೊಳ್ಳುತ್ತಾರೆ. ಆಮೇಲೆ ಕೂಸಿನ ಸರದಿ. ಶೈಲಾ ಕಲ್ಲನ್ನು ನಗುತ್ತಲೇ ಕೊಟ್ಟಳು. ಕೂಸಿನ ಸರದಿ ಬಂದಾಗ ಅದನ್ನು ಅವಚಿಕೊಂಡು ಒಳಕೋಣೆಗೆ ಹೋಗಿ ಚಿಲಕ ಹಾಕಿಕೊಂಡಳು. ನನ್ನ ಅವ್ವ ಗುರುಸಿದ್ದವ್ವ ಮರ್ಯಾದೆ ಉಳಿಸಲು ಕಲ್ಲನ್ನೇ ಮಲಗಿಸಿ ಜೋಗುಳ ಹಾಡಿಸಿದಳು. ಐದು ಹಾಡಾದವು. ಇಡೀ ಮನೆಯಲ್ಲಿ ನೆಮ್ಮದಿಯಿಂದಿದ್ದದ್ದು ಆ ಕಲ್ಲೊಂದೇ.

ನಾನು ಬಾಗಿಲ ಹೊರಗೆ ನಿಂತು, "ಶೈಲಾ, ಹೆಸರಿಡೂದೈತಿ, ಹೊರಗ ಬಾ" ಎಂದೆ.

"ಹೆಸರಿಟ್ಟು ಕರದ್ರ ಇದೂ ಹೋಗ್ತೈತ್ರಿ" ಎಂದಳು.

ಮರುವಾರ ನಿಮ್ಮ ದವಾಖಾನೆಗೆ ಕರೆದೊಯ್ದೆ. 'ಆಪ್ತ ಸಮಾಲೋಚಕರು' ಎಂಬ ಬೋರ್ಡಿನ ಕೋಣೆಯಲ್ಲಿ ಸೊಳ್ಳೆಪರದೆಯ ಮೂಟೆಗಳು ಆರಾಮಾಗಿ ಸಮಾಲೋಚನೆ ನಡೆಸಿದ್ದವು. ಸಿಸ್ಟರು ಕೂಸಿಗೆ ಲಸಿಕೆ ಹಾಕಿ, "ಕೂಸು ಬಂತಲ್ರಿ, ಇನ್ನೇನ್ ಚಿಂತಿ? ದೇವ್ರು ಕಣ್ಣ ತೆರದಾನ, ನಗ್ರಿ" ಎಂದರು. ನಗುವುದಕ್ಕೂ ಲಸಿಕೆಯಿದ್ದರೆ ನಮ್ಮಿಬ್ಬರಿಗೂ ಚುಚ್ಚಬಾರದಿತ್ತೇ? ಸೂಜಿಗೆ ನಾವೇನು ಹೊಸಬರೇ? ನನ್ನ ಗತಿಯೂ ಬೇರೆಯಲ್ಲ. ಪಾಠದ ನಡುವೆ ಐದೈದು ಸಲ ಮನೆಗೆ ಫೋನು ಮಾಡಿ, "ಉಸಿರಾಡಾಕತ್ತೈತೇನ?" ಎಂದು ಕೇಳುತ್ತೇನೆ. ಅವ್ವ ಬೈಯುತ್ತಾಳೆ. ನನಗೆ ಹೆದರಿಕೆಯಾಗುತ್ತದೆ, ಮಾನ್ಯರೇ. ಮಗು ಬಂದರೂ ಎಂಟು ವರ್ಷದ ಹೆದರಿಕೆ ಮೈ ಬಿಟ್ಟು ಹೋಗಿಲ್ಲ.

ಆದ್ದರಿಂದ ಮೂಟೆಗಳನ್ನು ಸರಿಸಿ, ವಾರಕ್ಕೊಂದು ದಿನವಾದರೂ ಆ ಕುರ್ಚಿಯಲ್ಲಿ ಕೇಳುವ ಕಿವಿಯಿರುವ ಮನುಷ್ಯರೊಬ್ಬರನ್ನು ಕೂಡಿಸಿ. ಇಷ್ಟು ಪಾಡುಪಟ್ಟು ಹೆತ್ತವರನ್ನು, ತಾಯಿಯನ್ನೂ ತಂದೆಯನ್ನೂ, ಹೆರಿಗೆಯ ನಂತರವೂ ಅವರು ವಿಚಾರಿಸಲಿ. 'ಪರಿಶೀಲಿಸಲಾಗುವುದು' ಎಂಬ ಉತ್ತರ ಬೇಡ, ನಮಗೆ ಅವಸರವಿದೆ. ಮಗಳು ಈಗೀಗ ದನಿ ಬಂದ ಕಡೆ ತಿರುಗುತ್ತಾಳೆ. ಅವಳಿಗೆ ಮಹೇಶ್ವರಿ ಎಂಬ ಹೆಸರನ್ನು ನಾನೊಬ್ಬನೇ ಇಟ್ಟುಬಿಟ್ಟಿದ್ದೇನೆ. ಹೆಂಡತಿ ಸ್ನಾನಕ್ಕೆ ಹೋದಾಗ, ಅವಳಿಗೆ ಕೇಳದಂತೆ, ಮಗಳ ಕಿವಿಯಲ್ಲಿ ಅದನ್ನು ಹೇಳುತ್ತೇನೆ.

ಇಂತಿ,
ಅಭಿನಂದನೆ ಸ್ವೀಕರಿಸಿ ಸ್ವೀಕರಿಸಿ ಸುಸ್ತಾದ ತಂದೆ,
ಪ್ರವೀಣಕುಮಾರ, ಕಮತಗಿ