ಗುಲಾಬಿಗೆ ಕದ್ದ ಹಿಮ

ಜನವರಿ ೨

"ಹಿಮಾನ ಬೈಬೇಡ ಮಗಳೇ, ಅದು ಬೇರಿನ ಕಂಬಳಿ." ಮೊದಲು ಹೇಳಿದ್ದು ಅತ್ತೆ ಮಾರ್ತಾ. ಕಡಲತಡಿಯ ತುರ್ಕು ಪಟ್ಟಣದಿಂದ ಸೊಸೆಯಾಗಿ ಉತ್ತರದ ಈ ಐಸಾಲ್ಮಿ ಊರಿಗೆ ಬಂದ ಮೊದಲ ಚಳಿಗಾಲ, ಶನಿವಾರದ ಸೌನಾ ಹಬೆಸ್ನಾನದಲ್ಲಿ, ಹೆಂಗಸರ ಸರದಿಯಲ್ಲಿ. ಜೊತೆಗೊಂದು ಕಥೆಯನ್ನೂ ಹೇಳಿದ್ದರು.

ಈ ವರ್ಷ ಕಂಬಳಿಯೇ ಇಲ್ಲ. ಕ್ರಿಸ್‌ಮಸ್ ಮಳೆಯಲ್ಲಿ ತೊಳೆದುಹೋಯಿತು. ನೆಲ ಬೋಳು, ಕಪ್ಪು, ಕಲ್ಲು. ಜೆರೇನಿಯಂ ಕುಂಡಗಳು ನೆಲಮಾಳಿಗೆಯಲ್ಲಿ ಬೆಚ್ಚಗಿವೆ, ಅವುಗಳ ಚಿಂತೆಯಿಲ್ಲ. ಚಿಂತೆ ಗೋಡೆ ಪಕ್ಕದ ಗುಲಾಬಿಯದು. ಬುಡಕ್ಕೆ ಮಣ್ಣು ಏರಿಸಿದ್ದೇನೆ, ಒಣ ಎಲೆ ತುಂಬಿದ್ದೇನೆ, ಮೇಲೆ ಸ್ಪ್ರೂಸ್ ಮರದ ರೆಂಬೆ. ಸಾಲದು. ಭಾನುವಾರ ಮೈನಸ್ ಇಪ್ಪತ್ತೆಂಟು ಡಿಗ್ರಿ ಅನ್ನುತ್ತಿದೆ ರೇಡಿಯೊ.

ತುರ್ಕುವಿನಿಂದ ಬಕೆಟ್‌ನಲ್ಲಿ ನನ್ನ ಜೊತೆ ಬಂದ ಗಿಡ. ಆಗ ಊರೆಲ್ಲ ಅಂದಿತ್ತು — "ಕಡಲತಡಿ ಹುಡುಗಿ, ಕಡಲತಡಿ ಗಿಡ. ಎರಡೂ ವಸಂತ ಕಾಣಲ್ಲ." ಅಂದವರಲ್ಲಿ ಅರ್ಧ ಜನ ಚರ್ಚಿನ ಹಿಂದೆ ಮಲಗಿದ್ದಾರೆ. ನಾವಿಬ್ಬರೂ ನಿಂತಿದ್ದೇವೆ.

ಜನವರಿ ೩

ಊರಲ್ಲಿ ಹಿಮ ಇರುವುದು ಒಂದೇ ಕಡೆ — ಸ್ಕೀ ಕ್ಲಬ್ಬಿನ ಜಾಡಿನ ಮೇಲೆ. ಯಂತ್ರ ಉಗುಳಿದ್ದು. ಅದಕ್ಕೆ ಕಾವಲು ಮೈದುನ ತೌನೊ. ಅವನಣ್ಣ, ನನ್ನ ಗಂಡ ಎಯ್ನೊ, ತೀರಿಕೊಂಡ ಮೇಲೆ ನನಗೆ ಬುದ್ಧಿ ಹೇಳುವ ಕೆಲಸವನ್ನು ತಾನೇ ಹೊತ್ತುಕೊಂಡವನು.

ಹೋಗಿ ಕೇಳಿದೆ.

"ಗುಲಾಬಿಗೆ ನಾಲ್ಕು ಪೆಟ್ಟಿಗೆ ಹಿಮ ಕೊಡೋ."

"ಅತ್ತಿಗೆ, ಇದು ಆಕಾಶದ್ದಲ್ಲ, ಕ್ಲಬ್ಬಿಂದು. ಭಾನುವಾರ ಮಕ್ಕಳ ಸ್ಪರ್ಧೆ ಇದೆ."

"ಆ ಚಳೀಲಿ ಯಾವ ತಾಯಿ ಮಕ್ಕಳನ್ನ ಕಳಿಸ್ತಾಳೆ?"

"ಅದು ಭಾನುವಾರದ ಮಾತು. ಇವತ್ತು ನಿಮಗೆ ಕೊಟ್ರೆ ನಾಳೆ ಊರಿಗೆ ಊರೇ ಬರುತ್ತೆ. ಆ ಗಿಡಕ್ಕೂ ವಯಸ್ಸಾಯ್ತು, ಬಿಟ್ಬಿಡಿ."

"ನನಗೂ ಆಯ್ತು. ಬಿಟ್ಬಿಡ್ತೀಯಾ?"

ಕೆಮ್ಮಿದ. ಯಂತ್ರದ ಕಡೆ ತಿರುಗಿದ.

ಸರಿ. ಕೇಳಿದ್ದಂತೂ ಆಯಿತು.

ಜನವರಿ ೫

ಕಳ್ಳರು ಕತ್ತಲಲ್ಲಿ ಹೋಗುತ್ತಾರೆ. ನಾನು ಮಧ್ಯಾಹ್ನ ಹೋದೆ. ಮಳೆನೀರು ಹೆಪ್ಪುಗಟ್ಟಿ ರಸ್ತೆ ಕನ್ನಡಿಯಾಗಿತ್ತು. ಕಾಲಲ್ಲಿ ಒದ್ದು ಜಾರಿಸುವ ಗಾಡಿ, ಅದರ ಸೀಟಿನ ಮೇಲೆ ಮೀನಿನ ಪೆಟ್ಟಿಗೆ. ಜಾಡು ಮುಟ್ಟಲಿಲ್ಲ, ಅಂಚಿನದ್ದು ಮಾತ್ರ. ಮೂರನೇ ಸಲ ಮರಳುವಾಗ ಹಿಂದಿನಿಂದ ಕೂಗು —

"ಅತ್ತಿಗೇ! ನಿಲ್ಲಿ! ಹಿಮಗಳ್ಳಿ!"

"ಕೂಗ್ಬೇಡ, ಉಬ್ಬಸ ಬರುತ್ತೆ. ಬಾ, ತಳ್ಳು, ಏರು ಬಂತು."

ತಳ್ಳಿದ! ಅರ್ಧ ಏರು ತಳ್ಳಿದ ಮೇಲೆ ನೆನಪಾಯಿತು, ತಾನು ಹಿಡಿಯಲು ಬಂದವನೆಂದು. ಕೆಂಪಾದ.

"ನಾಳೆ ಕ್ಲಬ್ಬಿಗೆ ಬನ್ನಿ. ಎಲ್ಲರ ಮುಂದೆ ಉತ್ತರ ಕೊಡಿ. ಈ ಹಿಮ ವಾಪಸ್ ಹಾಕ್ಬೇಕಾಗುತ್ತೆ."

"ಬರ್ತೀನಿ. ಕಾಫಿ ಬಿಸಿ ಇರ್ಲಿ."

ಗುಲಾಬಿಗೆ ಮೊಣಕಾಲೆತ್ತರ ಹೊದಿಕೆ ಆಗಿದೆ. ಬೆನ್ನು ನನ್ನದಲ್ಲ ಅನ್ನಿಸುತ್ತಿದೆ...

ಜನವರಿ ೬, ಸಂಜೆ

ಕ್ಲಬ್ಬಿನ ಗುಡಿಸಲು. ಬೆಂಚಿನ ಮೇಲೆ ಎಲ್ಲರೂ. ಅಧ್ಯಕ್ಷೆ ರೈಲಿ ನಡುವೆ.

"ಹಿಲ್ಯಾ, ಹಿಮ ವಾಪಸ್ ತರ್ತೀಯಾ?"

"ಇಲ್ಲ."

"ತಪ್ಪಾಯ್ತು ಅಂತಾದ್ರೂ?"

"ಅದೂ ಇಲ್ಲ. ಬೇಕಾದ್ರೆ ಒಂದು ಕಥೆ ಹೇಳ್ತೀನಿ."

ಅತ್ತೆಯ ಕಥೆ ಹೇಳಿದೆ.

"ಒಂದೂರಲ್ಲಿ ಒಬ್ಬ ಹೊಸ ಸೊಸೆ. ಮಹಾ ಚೊಕ್ಕ. ಹಿಮ ಬಿದ್ದಷ್ಟೂ ಗುಡಿಸೋಳು — ಅಂಗಳ, ದಾರಿ, ಕೊನೆಗೆ ಸೇಬಿನ ಮರದ ಬುಡ. ಎಂಥ ಸೊಸೆ, ಎಂಥ ಸೊಸೆ ಅಂತು ಊರು. ವಸಂತ ಬಂತು. ಎಲ್ಲರ ಮನೇಲೂ ಹೂ. ಇವಳ ಮರ ಮಾತ್ರ ಕರೀ ಕಡ್ಡಿ. ಅತ್ತೆ ಬೈಲಿಲ್ಲ. ಆ ಪೊರಕೆ ತಗೊಂಡು ಸತ್ತ ಕೊಂಬೆಗೆ ನೇತುಹಾಕಿದ್ಲು. 'ಈ ಮರಕ್ಕೆ ಇನ್ನು ಇದೇ ಹೂವು' ಅಂದ್ಲು."

ತೌನೊ ಕೇಳಿದ, "ಇದನ್ನ ಯಾರು ಹೇಳಿದ್ದು?"

"ನಿಮ್ಮಮ್ಮ."

"ನಂಗೆ ಯಾವತ್ತೂ ಹೇಳ್ಲಿಲ್ಲ!"

"ಹೆಂಗಸರ ಸರದೀಲಿ ನಿನಗೇನು ಕೆಲಸ?"

ಬೆಂಚಿನ ತುದಿಯಲ್ಲಿ ಯಾರೋ ಕಿಸಕ್ಕೆಂದರು. ತೌನೊ ಕಾಫಿ ಕಪ್ಪಿನೊಳಗೆ ನೋಡುತ್ತ ಕುಳಿತ. ರೈಲಿ ತೀರ್ಪು ಹೇಳಲಿಲ್ಲ, ಏಲಕ್ಕಿ ಬನ್ನಿನ ತಟ್ಟೆ ನನ್ನ ಕಡೆ ಸರಿಸಿದಳು. ತಿಂದೆ. ಬಾಗಿಲಲ್ಲಿ ನಿಂತು ಅಂದೆ:

"ಹಿಮ ಬೇಕಿದ್ರೆ ಸಲಿಕೆ ತಗೊಂಡು ಬನ್ನಿ. ಗಿಡದ ಮುಂದೆ ನಿಂತಿರ್ತೀನಿ."

ಜನವರಿ ೭, ಬೆಳಗ್ಗೆ

ಮೈನಸ್ ಇಪ್ಪತ್ತೊಂಬತ್ತು. ಸ್ಪರ್ಧೆ ರದ್ದು.

ಕಾಫಿ ಕುಡಿಯುವಾಗ ಗೇಟಿನ ಬಳಿ ಸಲಿಕೆ ಸದ್ದು. ಬಂದೇಬಿಟ್ಟರು! ಎಯ್ನೊನ ಹಳೇ ಕೋಟು ಹಾಕಿಕೊಂಡು ಓಡಿದೆ. ತೌನೊ, ರೈಲಿ, ನಿನ್ನೆ ಬೆಂಚಿನ ಮೇಲಿದ್ದವರೆಲ್ಲ. ಹಿಂದೆ ಗಾಡಿಗಳು, ಮೇಲೆ ಟಾರ್ಪಾಲು. ಗುಲಾಬಿಯ ಮುಂದೆ ನಿಂತೆ.

"ಮೊದಲು ನನ್ನನ್ನ ಅಗೀರಿ."

ತೌನೊ ಕೈಗವಸು ಕಳಚಿದ. ಸ್ಕೀಗೆ ಮೇಣ ಹಚ್ಚುವ ಮುಂಚೆ ಹಿಮಕ್ಕೆ ಚುಚ್ಚಿ ನೋಡುವ ಥರ್ಮಾಮೀಟರ್ ಜೇಬಿನಿಂದ ತೆಗೆದ. ನನ್ನ ಪಕ್ಕದಿಂದ ಬಗ್ಗಿ ರಾಶಿಯ ಬುಡದವರೆಗೆ ತೂರಿಸಿದ. ಕಾದೆವು. ಹೊರತೆಗೆದ. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ.

"ನಾಲ್ಕು. ಮೈನಸ್ ನಾಲ್ಕೇ."

ಕಂಬಳಿಯ ಹೊರಗೆ ಇಪ್ಪತ್ತೊಂಬತ್ತು, ಒಳಗೆ ನಾಲ್ಕು. ಅವನು ಟಾರ್ಪಾಲು ಎಳೆದ. ಗಾಡಿ ತುಂಬಾ ಹಿಮ.

"ಗೋಡೆ ಕಡೆ ತೆಳ್ಳಗಿದೆ, ಅತ್ತಿಗೆ. ಹೀಗಾ ಹೊದಿಸೋದು? ಸರೀರಿ ಆಕಡೆ."

ಬುದ್ಧಿ ಹೇಳುವುದು ಬಿಟ್ಟಿಲ್ಲ. ಸರಿದೆ. ಎರಡು ಹೆಜ್ಜೆ ಮಾತ್ರ.

ಈಗ ಗುಲಾಬಿ ಸೊಂಟದೆತ್ತರ ಹಿಮದೊಳಗೆ. ಕಿಟಕಿಯಿಂದ ಕಾಣುತ್ತಿದೆ — ಕ್ಲಬ್ಬಿನಿಂದ ಏರಿನವರೆಗೆ ಗಾಡಿಗಳ ಸಾಲು. ಅವರವರ ಸೇಬಿನ ಮರಕ್ಕೆ, ಸ್ಟ್ರಾಬೆರಿ ಪಾತಿಗೆ. ಎಲ್ಲರಿಗಿಂತ ಮುಂದೆ ರೈಲಿ. ನಾನೊಬ್ಬಳೇ ಕಳ್ಳಿಯಂತೆ!

ಬಾಗಿಲು ಬಡಿಯುತ್ತಿದ್ದಾನೆ ತೌನೊ, ಮತ್ತೆ. ಕೈಯಲ್ಲಿ ಪೊರಕೆ. ಅಮ್ಮನದು, ಅಟ್ಟದಲ್ಲಿತ್ತು, ಎಲ್ಲಿ ನೇತುಹಾಕಲಿ ಅಂತ ಹೊರಗಿನಿಂದಲೇ ಕೂಗುತ್ತಿದ್ದಾನೆ. ಗುಲಾಬಿ ಹತ್ತಿರ ಮಾತ್ರ ತರಬೇಡ ಅನ್ನಬೇಕು, ಅದು ಸತ್ತ ಕೊಂಬೆಗೆ, ನಮ್ಮದು ಇನ್ನೂ —